ದೀಪ ಕೇಳಿದವಳು

ಮೈಕಕ್ಕನಿಗೆ ಉಚ್ಚೆ ಬಂದಿತ್ತು. ಕಥೆ ಇಲ್ಲಿಂದಲೇ ಶುರು. ಮೂಗು ಮುರಿಯುವವರು ಈಗಲೇ ಎದ್ದು ಹೋಗಬಹುದು, ಯಾರೂ ಕೈ ಹಿಡಿದು ಕೂರಿಸುವುದಿಲ್ಲ.

ಬೆಳಕು ಹರಿಯುವ ಮೊದಲೇ ಬೀದಿಗಿಳಿದವಳು ಅವಳು. ಈಗ ಬಿಸಿಲು ಏರಿ ಅಂಗಡಿಗಳ ಬಾಗಿಲು ತೆರೆದಿದ್ದವು. ಕಾಲುವೆ ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ಗುಡಿಸಿ, ಕಸ ಬಾಚಿ ತಳ್ಳುಗಾಡಿಗೆ ತುಂಬಿ, ನೀರು ಹೊಡೆದು ತೊಳೆದಾಗಿತ್ತು. ಆಮೇಲೆ ಗುಡಿಸುವ ಹೆಂಗಸರಿಗೆಲ್ಲ ಹೊಸ ಕೋಟು ತೊಡಿಸಿ ಸಾಲಾಗಿ ನಿಲ್ಲಿಸಿದ್ದರು. ಹೊರಗಿನ ಊರುಗಳಿಂದ ಅತಿಥಿಗಳು ಬರುತ್ತಾರೆ, ಬೀದಿ ನೋಡುತ್ತಾರೆ, ಅವರು ಬಂದು ಹೋಗುವವರೆಗೆ ಒಬ್ಬರೂ ಜಾಗ ಬಿಟ್ಟು ಕದಲಬಾರದು ಎಂದು ಮೇಸ್ತ್ರಿಯ ಅಪ್ಪಣೆ. ಮೈಕಕ್ಕನ ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದಂತಿತ್ತು. ತೊಡೆಗೆ ತೊಡೆ ಸೇರಿಸಿ ನಿಂತಿದ್ದಳು. ಹಾಗೆ ನಿಲ್ಲುವುದಕ್ಕೂ, ಹಾಗೇ ಬಗ್ಗಿ ಗುಡಿಸುವುದಕ್ಕೂ ಒಂದು ರೂಢಿ ಬೇಕು. ಆ ಸಾಲಿನ ಹೆಂಗಸರಿಗೆಲ್ಲ ಆ ರೂಢಿ ಇತ್ತು. ದೂರದಿಂದ ನೋಡಿದವರು ಪಾಪ, ಸೊಂಟ ನೋವಿರಬೇಕು ಅಂದುಕೊಳ್ಳುತ್ತಿದ್ದರು. ಸೊಂಟವೂ ಇಲ್ಲ, ಗಿಂಟವೂ ಇಲ್ಲ. ಹೋಗಲು ಜಾಗವಿಲ್ಲ, ಅಷ್ಟೆ.

ಪಕ್ಕದಲ್ಲಿ ಅವಳ ಸೊಸೆ ನಿಂತಿದ್ದಳು. ಹೊಟ್ಟೆ ಮುಂದೆ ಬಂದಿತ್ತು. ಕೋಟಿನ ಗುಂಡಿ ಹಾಕಲಾಗುತ್ತಿರಲಿಲ್ಲ.

ಬೀದಿ ಮಾತ್ರ ಫಳಫಳ ಹೊಳೆಯುತ್ತಿತ್ತು. ಅದಕ್ಕೀಗ ಹೊಸ ಹೆಸರು, ಆರೋಗ್ಯ ಬೀದಿ. ನಡೆಯುವವರಿಗೆ ಅಗಲವಾದ ಹಾದಿ. ಸೈಕಲ್ಲಿನವರಿಗೆ ಬೇರೆ ಹಾದಿ. ಮುದುಕರಿಗೆ ಬೆಂಚು, ಮಕ್ಕಳಿಗೆ ಜಾರುಬಂಡೆ, ಬೊಜ್ಜಿನವರಿಗೆ ಕೈಕಾಲು ಆಡಿಸಲು ಕಬ್ಬಿಣದ ಯಂತ್ರಗಳು. ಅಲ್ಲಲ್ಲಿ ಕುಡಿಯುವ ನೀರಿನ ನಲ್ಲಿ, ತಣ್ಣನೆಯ ನೀರು, ಬಿಟ್ಟಿ. ಕುಡಿದ ನೀರು ಮನುಷ್ಯರ ಮೈಯೊಳಗೆ ಹೋಗಿ ಏನಾಗುತ್ತದೆ ಎನ್ನುವುದೊಂದು ಮಾತ್ರ ಆ ಬೀದಿಯ ನಕ್ಷೆ ಬರೆದವರಿಗೆ ಹೊಳೆದಿರಲಿಲ್ಲ.

ಅವರನ್ನಷ್ಟೇ ಬೈದು ಸುಮ್ಮನಾಗಬಹುದಿತ್ತು. ಮೈಕಕ್ಕನಿಗೆ ಅದೂ ಸಾಧ್ಯವಿರಲಿಲ್ಲ. ಯಾಕೆಂದರೆ ಅವರು ಕೇಳಿದ್ದರು. ಕರೆದು, ಕೂರಿಸಿ, ಅಮ್ಮ ಅಂತ ಮರ್ಯಾದೆ ಕೊಟ್ಟು ಕೇಳಿದ್ದರು. ಬಾಯಿ ಬಿಡಬೇಕಾಗಿದ್ದವಳು ಇವಳು.

ಮೈಕಕ್ಕ ಅನ್ನುವುದು ಅವಳ ಗಂಟಲಿಗೆ ಜನ ಕೊಟ್ಟ ಹೆಸರು. ಕಾಲುವೆಯ ಆ ದಡದಲ್ಲಿ ನಿಂತು ಮಾತಾಡಿದರೆ ಈ ದಡದವರು ಉತ್ತರ ಕೊಡುತ್ತಿದ್ದರು. ಸಂಬಳ ತಡವಾದರೆ ಮೇಸ್ತ್ರಿಯ ಎದುರು ನಿಲ್ಲುವವಳು ಅವಳು. ಕಾರಿನ ಕಿಟಕಿಯಿಂದ ಕಸ ಎಸೆದವನನ್ನು ಅಡ್ಡಹಾಕಿ, ಕೆಳಗಿಳಿಸಿ, ಅವನ ಕೈಯಲ್ಲೇ ಎತ್ತಿಸಿದವಳು ಅವಳು. ಅಂಥವಳ ಬಾಯಿಗೆ ಬೀಗ ಬೀಳಬಹುದು ಎಂದು ಯಾರು ತಾನೇ ಅಂದುಕೊಂಡಾರು?

ಬೀದಿ ಹಳೆಯದಾಗಿದ್ದಾಗ ಪಂಪಿನ ಮನೆಯ ಹಿಂದೆ ಒಂದು ಪೊದೆ ಇತ್ತು. ಮುಳ್ಳು, ಬಳ್ಳಿ, ಒಡೆದ ಇಟ್ಟಿಗೆ, ಮುರಿದ ಬಾಟಲಿ. ಹೆಂಗಸರು ಅದಕ್ಕೆ ತೋಟ ಅನ್ನುತ್ತಿದ್ದರು. "ತೋಟಕ್ಕೆ ಹೋಗ್ಬರ್ತೀನಿ, ಗಾಡಿ ನೋಡ್ಕೋ" ಅಂದರೆ ಅರ್ಥವಾಗುತ್ತಿತ್ತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಕಾವಲು. ಗಂಡಸಿನ ತಲೆ ಕಂಡರೆ ಕಾವಲಿನವಳು ಜೋರಾಗಿ ಕೆಮ್ಮಬೇಕು. ಕೆಮ್ಮು ಕೇಳಿ ಅರ್ಧಕ್ಕೇ ಎದ್ದು, ಒದ್ದೆ ಬಟ್ಟೆಯಲ್ಲೇ ಹೊರಗೆ ಬಂದು ಪೊರಕೆ ಹಿಡಿದ ದಿನಗಳಿದ್ದವು. ಹಾವು ಕಂಡ ದಿನಗಳೂ ಇದ್ದವು. ಒಮ್ಮೆ ಒಬ್ಬ ಕುಡುಕ ಒಳಗೇ ಮಲಗಿದ್ದ. ಜೊತೆಗೆ ಗುಡಿಸುವ ಮೊಂಡಜ್ಜಿ ಅವನಿಗೆ ಪೊರಕೆಯಲ್ಲಿ ಬಾರಿಸಿದ್ದನ್ನು ಹೆಂಗಸರು ಬಹಳ ಕಾಲ ಹೇಳಿಕೊಂಡು ನಕ್ಕರು. ನಕ್ಕರೇನೋ ಸರಿ. ಮಾರನೆಯ ದಿನದಿಂದ ನೀರು ಕುಡಿಯುವುದನ್ನು ಇನ್ನಷ್ಟು ಕಡಿಮೆ ಮಾಡಿದರು. ಎದ್ದ ಮೇಲೆ ಬಾಯಿ ಮುಕ್ಕಳಿಸುವುದಷ್ಟೇ. ನುಂಗುವಂತಿಲ್ಲ.

ಹೀಗಿರುವಾಗ ನಗರ ಕಚೇರಿಯಿಂದ ಕರೆ ಬಂತು. ಬೀದಿಯನ್ನು ಹೊಸದಾಗಿ ಕಟ್ಟುತ್ತಾರೆ, ಬೀದಿಯಲ್ಲಿ ಬದುಕುವವರ ಮಾತು ಕೇಳುತ್ತಾರೆ, ಗುಡಿಸುವವರ ಕಡೆಯಿಂದಲೂ ಒಬ್ಬರು ಬರಬೇಕು. ಯಾರು ಅನ್ನುವ ಪ್ರಶ್ನೆಯೇ ಏಳಲಿಲ್ಲ.

"ನೋಡೇ, ಸುತ್ತಿ ಬಳಸಿ ಹೇಳ್ಬೇಡ" ಎಂದಳು ಮೊಂಡಜ್ಜಿ. ಸಾಲಿನಲ್ಲೆಲ್ಲ ಹಿರಿಯಳು ಅವಳು, ಹಟಕ್ಕೆ ಹೆಸರಾದವಳು. "ಹೆಂಗಸರಿಗೆ ಕಕ್ಕಸ್ಸು ಬೇಕು. ಬಾಗಿಲು ಇರ್ಬೇಕು, ಚಿಲಕ ಇರ್ಬೇಕು, ನೀರು ಇರ್ಬೇಕು. ಹೇಳು ನೋಡೋಣ."

ಮೈಕಕ್ಕ ಹೇಳಿದಳು. ಕಾಲುವೆಯ ಹಕ್ಕಿಗಳೆಲ್ಲ ಎದ್ದು ಹಾರಿಹೋದವು. ಹೆಂಗಸರು ಬಿದ್ದು ಬಿದ್ದು ನಕ್ಕರು.

ಸಭೆ ನಡೆದದ್ದು ಕಚೇರಿಯ ಮೇಲಿನ ಮಹಡಿಯಲ್ಲಿ. ಮೆತ್ತನೆಯ ಕುರ್ಚಿ. ಕೊಳೆಯಾದೀತು ಅಂತ ಮೈಕಕ್ಕ ಅದರ ತುದಿಯಲ್ಲಿ ಕೂತಳು. ಗೋಡೆಯ ಮೇಲೆ ಬೆಳಕಿನಲ್ಲಿ ಬೀದಿಯ ಚಿತ್ರ ಮೂಡಿತ್ತು. ಅದರ ಮುಂದೆ ನಿಂತು ಮಾತಾಡಿದವನು ನಕ್ಷೆ ಬರೆಯುವ ಅಧಿಕಾರಿ. ಚಿಕ್ಕ ವಯಸ್ಸು, ಮೆದು ಮಾತು. ಎಲ್ಲರೂ ಅವನನ್ನು ನಕ್ಷೆ ಸಾರ್ ಅನ್ನುತ್ತಿದ್ದರು.

"ಆರೋಗ್ಯ ಅಂದ್ರೆ ಆಸ್ಪತ್ರೆ ಅಲ್ಲ" ಎಂದ ಅವನು. "ನಾವು ನಡೆಯೋ ಬೀದಿ, ಕೂರೋ ಜಾಗ, ಉಸಿರಾಡೋ ಗಾಳಿ. ಬೀದಿ ಚೆನ್ನಾಗಿದ್ರೆ ಅರ್ಧ ಕಾಯಿಲೆ ಮನೆ ಬಾಗಿಲಿಗೇ ಬರಲ್ಲ."

ಮಾತು ಸರಿಯಾಗಿಯೇ ಇದೆ ಅನ್ನಿಸಿತು ಮೈಕಕ್ಕನಿಗೆ. ಈ ಮನುಷ್ಯನಿಗೆ ಹೇಳಬಹುದು ಅನ್ನಿಸಿತು. ಒಬ್ಬೊಬ್ಬರೇ ಕೇಳುತ್ತಾ ಹೋದರು. ನಿವೃತ್ತರಾದವರೊಬ್ಬರು ಬೆಂಚು ಕೇಳಿದರು. ಬೀದಿಯ ವರ್ತಕರಿಗೆಲ್ಲ ಮುಖಂಡನಾದ ಚಿನ್ನದಂಗಡಿಯ ಸಾಹುಕಾರ ಗಿರಾಕಿಗಳ ಕಾರು ನಿಲ್ಲಿಸಲು ಜಾಗ ಕೇಳಿದ. ಆಮೇಲೆ ನಕ್ಷೆ ಸಾರ್ ಇವಳ ಕಡೆ ತಿರುಗಿದ.

"ಅಮ್ಮ, ನಿಮಗೇನು ಬೇಕು? ಸಂಕೋಚ ಬೇಡ. ಇದು ನಿಮ್ಮ ಬೀದಿನೂ ಹೌದು."

ಅಷ್ಟೂ ತಲೆಗಳು ತಿರುಗಿದವು. ಹೆಚ್ಚಿನವು ಗಂಡಸರ ತಲೆಗಳೇ. ಚಿನ್ನದಂಗಡಿಯವನು ಅವಳ ಮುಖ ನೋಡಲಿಲ್ಲ, ಕಾಲು ನೋಡಿದ. ಹಿಮ್ಮಡಿಯ ಬಿರುಕಿನಲ್ಲಿ ಕಪ್ಪು ಕೂತಿತ್ತು. ಮೈಕಕ್ಕ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು. ಹೇಳಬೇಕಾದ ಮಾತು ಗಂಟಲಿಗೆ ಬಂತು. ಅದನ್ನು ಹೇಳಿದರೆ ಇವರೆಲ್ಲ ನಾನು ಬಟ್ಟೆ ಎತ್ತಿ ಕೂತದ್ದನ್ನು ಮನಸ್ಸಿನಲ್ಲಿ ನೋಡುತ್ತಾರೆ ಅನ್ನಿಸಿತು.

"ಪಂಪಿನ ಮನೆ ಹಿಂದೆ..." ಎಂದಳು. ಅಂದದ್ದು ಅವಳಿಗೇ ಕೇಳಿಸಲಿಲ್ಲ.

"ಹೇಳಿ, ಹೇಳಿ."

"ಅಲ್ಲಿ ಕತ್ತಲೆ, ಸಾರ್. ಹೆಂಗಸರಿಗೆ ಕಷ್ಟ. ಒಂದು... ಒಂದು ದೀಪ ಹಾಕ್ಸಿ."

ನಕ್ಷೆ ಸಾರ್ ಮುಖ ಅರಳಿತು. "ನೋಡಿ! ಇದು, ಇದು ನಮಗೆ ಬೇಕಾಗಿದ್ದು! ಹೆಂಗಸರ ಸುರಕ್ಷತೆ. ನಮಗ್ಯಾರಿಗೂ ಹೊಳೆದಿರ್ಲಿಲ್ಲ." ಎಲ್ಲರೂ ಚಪ್ಪಾಳೆ ಹೊಡೆದರು. ಚಿನ್ನದಂಗಡಿಯವನೂ ಹೊಡೆದ. ಯಾರೋ ಫೋಟೋ ತೆಗೆದರು. ಆಗ ಮೈಕಕ್ಕ ನಕ್ಕಳು. ಚಪ್ಪಾಳೆ ಕೇಳಿ ಅವಳಿಗೆ ಖುಷಿಯಾಗಿತ್ತು. ಆಮೇಲೆ ಎಷ್ಟು ಸಲ ನೆನೆಸಿಕೊಂಡರೂ ಅವಳ ಮುಖ ಸುಟ್ಟದ್ದು ಅದಕ್ಕೇ. ಹೇಳದೆ ಹೋದೆನಲ್ಲ ಅನ್ನುವುದಕ್ಕಿಂತ, ಹೇಳದೆಯೂ ಖುಷಿಪಟ್ಟೆನಲ್ಲ ಅನ್ನುವುದಕ್ಕೆ.

ಹೊರಗೆ ಹೆಂಗಸರು ಕಾಯುತ್ತಿದ್ದರು. "ಹೇಳಿದ್ಯಾ?" ಅಂದಳು ಮೊಂಡಜ್ಜಿ.

"ಹೇಳ್ದೆ."

"ಎಲ್ಲಾನೂ?"

"ಎಲ್ಲಾ ಹೇಳ್ದೆ. ಚಪ್ಪಾಳೆ ಹೊಡೆದ್ರು."

ಒಂದು ಸುಳ್ಳು. ಅದನ್ನು ನಂಬಿ ಅವರು ತಿಂಗಳುಗಟ್ಟಲೆ ಕಾದರು. ಒಂದು ಬೆಳಿಗ್ಗೆ ಮಣ್ಣು ಅಗೆಯುವ ಯಂತ್ರ ಬಂದು ಪಂಪಿನ ಮನೆಯ ಹಿಂದೆ ನಿಂತಾಗ ಹೆಂಗಸರು ಪೊರಕೆ ಬಿಟ್ಟು ಓಡಿಹೋದರು. "ಬಂದ್ರು ಕಣ್ರೇ, ಕಟ್ಟೋಕೆ ಬಂದ್ರು!" ಮೊಂಡಜ್ಜಿ ಯಂತ್ರದವನಿಗೆ ತನ್ನ ದುಡ್ಡಿನಲ್ಲಿ ಟೀ ತರಿಸಿಕೊಟ್ಟಳು. ತನಗೆ ಕಾಲುವೆಯ ಕಡೆಯ ಬಾಗಿಲೇ ಬೇಕು, ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ಯಾರೂ ತಕರಾರು ತೆಗೆಯುವಂತಿಲ್ಲ ಎಂದು ಜಗಳಕ್ಕೇ ನಿಂತಳು. ಸೊಸೆ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ನಗುತ್ತಾ, "ನಮ್ಮತ್ತೆ ಕೇಳಿದ್ದು" ಎಂದು ಕಂಡಕಂಡವರಿಗೆಲ್ಲ ಹೇಳಿದಳು. ಮೈಕಕ್ಕ ಮಾತ್ರ ಆ ಕಡೆ ಹೋಗಲಿಲ್ಲ. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಳು.

ಪೊದೆ ಹೋಯಿತು. ನೆಲ ಮಟ್ಟವಾಯಿತು. ಹುಲ್ಲು ಹಾಸಿದರು. ಅದರ ನಡುವೆ ಎತ್ತರದ ಕಂಬ ನೆಟ್ಟು ದೀಪ ಹಾಕಿದರು. ಬೆಳಗಿನ ಜಾವ ಆ ಜಾಗ ನಡುಮಧ್ಯಾಹ್ನದ ಹಾಗೆ. ಬೀದಿಯಲ್ಲಿ ಇದ್ದದ್ದು ಒಂದೇ ಮರೆ, ಅಲ್ಲೀಗ ಇರುವೆ ಹರಿದರೂ ಕಾಣಿಸುತ್ತಿತ್ತು.

"ಕಟ್ಟೋದು ಆಮೇಲೇನೋ" ಎಂದಳು ಮೊಂಡಜ್ಜಿ. ಇನ್ನೂ ನಂಬಿದ್ದಳು, ಪಾಪ.

ಆಮೇಲೆ ಬಂದದ್ದು ಬ್ಯಾನರು. ಮಂಚದಷ್ಟು ಅಗಲದ ಬಟ್ಟೆ, ದೀಪದ ಕಂಬದ ಪಕ್ಕ ಎರಡು ಬಿದಿರು ಗಳುಗಳ ನಡುವೆ ಎಳೆದು ಕಟ್ಟಿದ್ದರು. ಅದರ ಮೇಲೆ ಮೈಕಕ್ಕನ ಮುಖ. ಸಭೆಯಲ್ಲಿ ನಕ್ಕ ಆ ನಗು. ಕೆಳಗೆ ದಪ್ಪ ಅಕ್ಷರ. ಹೆಂಗಸರ ಪೈಕಿ ಓದು ಬರುತ್ತಿದ್ದದ್ದು ಸೊಸೆಗೆ. "ಓದೇ, ಓದೇ" ಎಂದು ಎಲ್ಲರೂ ಅವಳನ್ನು ಮುಂದೆ ನೂಕಿದರು. ಅವಳು ಗಂಟಲು ಸರಿಮಾಡಿಕೊಂಡು ಜೋರಾಗಿ ಶುರು ಮಾಡಿದಳು.

"ನಾನು ದೀಪ ಕೇಳಿದೆ..."

ಅಲ್ಲಿಗೆ ಅವಳ ದನಿ ತಗ್ಗಿತು. ಉಳಿದದ್ದನ್ನು ಮೆಲ್ಲಗೆ ಓದಿದಳು. "ನಗರ ಕೊಟ್ಟಿತು."

ಮೊಂಡಜ್ಜಿ ಬ್ಯಾನರನ್ನು ನೋಡಿದಳು, ಮೈಕಕ್ಕನನ್ನು ನೋಡಿದಳು. "ದೀಪನಾ?" ಎಂದಳು. "ದೀಪ ಕೇಳಿದ್ಯಾ, ಪುಣ್ಯಾತ್ಗಿತ್ತಿ?"

"ಗಂಡಸರು ಇದ್ರು ಅಜ್ಜಿ..."

"ಇದ್ರೆ? ಅವರು ಉಚ್ಚೆ ಹೊಯ್ಯಲ್ವಾ? ಗೋಡೆ ಕಂಡಲ್ಲೆಲ್ಲ ನಿಂತ್ಕೋತಾರೆ, ಅವರಿಗಿಲ್ಲದ ನಾಚಿಕೆ ನಿನಗೆ ಬಂತಾ? ಕಸ ಎಸೆದೋನ ಕೊರಳಪಟ್ಟಿ ಹಿಡೀತೀಯ, ಅಲ್ಲಿ ಹೋಗಿ ನಾಲಿಗೆ ನುಂಗಿಕೊಂಡ್ಯಾ? ಇದ್ದ ಪೊದೆನೂ ಕಳೆದ್ಯಲ್ಲೇ!"

ಅಂದಿನಿಂದ ಅವಳಿಗೆ ಹೊಸ ಹೆಸರು. ದೀಪದ ಮಹಾರಾಣಿ. "ಮಹಾರಾಣಿ, ಸ್ವಲ್ಪ ದಾರಿ ಬಿಡಿ." "ಮಹಾರಾಣಿ, ಕೆಳಗೆ ತಡೀತಾ ಇದೀನಿ, ನಿಮ್ಮ ಬೆಳಕಲ್ಲಿ ಎಲ್ಲಾದ್ರೂ ಜಾಗ ಕಾಣುತ್ತಾ ನೋಡಿ." ಮೈಕಕ್ಕ ಒಂದಕ್ಕೂ ಎದುರಾಡಲಿಲ್ಲ. ದಿನಾ ಬೆಳಿಗ್ಗೆ ತನ್ನ ಮುಖದ ಕೆಳಗಿನ ಧೂಳನ್ನೇ ತಾನು ಗುಡಿಸಬೇಕಿತ್ತು. ತಲೆ ಎತ್ತುತ್ತಿರಲಿಲ್ಲ. ಸೊಸೆಯಾದರೂ ಒಂದು ಮಾತು ಬೈದಿದ್ದರೆ ಜೀವ ಹಗುರವಾಗುತ್ತಿತ್ತೇನೋ. ಅವಳು ಬೈಯಲಿಲ್ಲ. "ಬಿಡಿ ಅತ್ತೆ, ನಾನಾಗಿದ್ರೂ ಅಷ್ಟೆ" ಎಂದುಬಿಟ್ಟಳು. ಅದನ್ನು ಕೇಳಿ ಮೈಕಕ್ಕನಿಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಹೆಂಗಸರು ನೀರನ್ನು ಪೂರ್ತಿ ಬಿಟ್ಟರು. ಬೀದಿಯ ನಲ್ಲಿಗಳಲ್ಲಿ ತಣ್ಣನೆಯ ನೀರು. ಬೊಜ್ಜು ಕರಗಿಸಲು ಬಂದವರು ಗಟಗಟ ಕುಡಿದು ಮನೆಗೆ ಹೋಗುತ್ತಿದ್ದರು. ಅವರ ಮನೆಯಲ್ಲಿ ಮಲಗುವ ಕೋಣೆಗೊಂದರಂತೆ ಕಕ್ಕಸ್ಸು. ಇವರು ನಲ್ಲಿ ಒರೆಸುತ್ತಿದ್ದರು, ಕುಡಿಯುತ್ತಿರಲಿಲ್ಲ. ಆ ಹೊತ್ತಿಗೆ ಸೊಸೆ ಬಸುರಿ. ಬಸುರಿಗೆ ಪದೇ ಪದೇ ಬರುತ್ತದೆ, ಅದನ್ನು ಯಾವ ಅಧಿಕಾರಿಯೂ ತಡೆಯಲಾರ. ಅವಳು ತುಟಿ ಕಚ್ಚಿ ಮನೆಗೆ ಹೋಗುವವರೆಗೆ ತಡೆಯುತ್ತಿದ್ದಳು. ಒಂದು ಮಧ್ಯಾಹ್ನ ತಳ್ಳುಗಾಡಿಯ ಹಿಡಿ ಹಿಡಿದುಕೊಂಡೇ ಕುಸಿದಳು. ಮೈ ಕೆಂಡದಂತೆ ಸುಡುತ್ತಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು. ಬಟ್ಟೆ ನೆನೆದಿತ್ತು. ನೆನೆದದ್ದರಲ್ಲಿ ರಕ್ತವಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಅತ್ತೆಯನ್ನು ಹೊರಗೆ ಕರೆದಳು. "ಸೋಂಕು ಮೂತ್ರಪಿಂಡಕ್ಕೆ ಏರಿದೆ. ಈ ಸಲ ಮಗು ಉಳ್ಕೊಂಡಿದೆ. ಇನ್ನೊಂದು ಸಲ ಹೀಗಾದ್ರೆ ನಾನು ಏನೂ ಹೇಳಕ್ಕಾಗಲ್ಲ. ಚೆನ್ನಾಗಿ ನೀರು ಕುಡೀಬೇಕು. ಬಂದಾಗ ತಡೀಬಾರ್ದು. ಎಷ್ಟು ಸುಲಭ ನೋಡಿ, ಇಷ್ಟಕ್ಕೆ ಯಾಕಮ್ಮ ಹೀಗ್ಮಾಡ್ಕೋತೀರ?"

ಸುಲಭ! ಮೈಕಕ್ಕ ತಲೆಯಾಡಿಸಿದಳು.

ಮನೆಯಲ್ಲಿ ಮಗ ಹೆಂಡತಿಗೆ ಕೆಲಸ ಬಿಡು ಎಂದ. ಬಿಟ್ಟರೆ ಆ ಜಾಗಕ್ಕೆ ಮಾರನೆಯ ದಿನವೇ ಬೇರೆಯವರು. ಮಗನ ಕೆಲಸವೋ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. "ನಾನು ಮಾತಾಡ್ತೀನಿ" ಎಂದಳು ಮೈಕಕ್ಕ. ಮಗ ನಕ್ಕ. "ನೀನಾ? ಇನ್ನೊಂದು ದೀಪ ಹಾಕ್ಸ್ತೀಯಾ?"

ಅವನು ತಮಾಷೆಗೇ ಅಂದಿರಬಹುದು. ಅವಳು ಆ ರಾತ್ರಿ ಊಟ ಮಾಡಲಿಲ್ಲ.

ನಗರ ಕಚೇರಿಯಲ್ಲಿ ಅವಳನ್ನು ಅರ್ಧ ದಿನ ಕೂರಿಸಿದರು. ನಕ್ಷೆ ಸಾರ್ ಗುರುತು ಹಿಡಿದ, ಕುರ್ಚಿ ಕೊಟ್ಟ. ಸೊಸೆಯ ಜ್ವರ, ಡಾಕ್ಟರಮ್ಮನ ಮಾತು, ಪೊದೆ, ಎಲ್ಲವನ್ನೂ ಅವಳು ಮೇಜಿನ ಕಾಲಿಗೆ ಹೇಳಿದಂತೆ ಹೇಳಿದಳು. ಅವನ ಕಿವಿ ಕೆಂಪಾಯಿತು.

"ಅದನ್ನ ಅವತ್ತೇ ಹೇಳ್ಬೇಕಿತ್ತು, ಅಮ್ಮ. ನೀವು ದೀಪ ಕೇಳಿದ್ರಿ, ಕೊಟ್ವಿ. ಈಗ ನಕ್ಷೆ ಮುಗಿದಿದೆ."

"ಒಂದು ರೂಮು, ಸಾರ್. ಪಂಪಿನ ಮನೆ ಪಕ್ಕದಲ್ಲಿ. ನೀರು ಅಲ್ಲೇ ಇದೆ."

"ವರ್ತಕರು ಒಪ್ಪಲ್ಲ. ವಾಸನೆ ಬರುತ್ತೆ, ಗಿರಾಕಿ ಬರಲ್ಲ ಅಂತಾರೆ. ಮುಂದಿನ ಹಂತದಲ್ಲಿ ನೋಡೋಣ." ಆಮೇಲೆ ಬಾಗಿಲವರೆಗೂ ಬಂದು ಇನ್ನೊಂದು ಮಾತು ಹೇಳಿದ. "ಅಂದ ಹಾಗೆ, ಅತಿಥಿಗಳು ಬರೋ ದಿನ ನೀವು ಎರಡು ಮಾತಾಡ್ಬೇಕು. ಬ್ಯಾನರಿನಲ್ಲಿರೋದು, ಅಷ್ಟೇ ಸಾಕು."

ಅವಳು ಆಗಲಿ ಎಂದಳು. ಆಗಲ್ಲ ಅನ್ನಲು ಅವಳಿಗೆ ಯಾವ ಮುಖವಿತ್ತು?

ಆ ದಿನವೇ ಈ ದಿನ. ಸಾಲು ಬಿಸಿಲಿನಲ್ಲಿ ನಿಂತಿತ್ತು. ಅತಿಥಿಗಳು ಇನ್ನೇನು ಬಂದರು, ಇನ್ನೇನು ಬಂದರು ಎನ್ನುತ್ತಾ ಮೇಸ್ತ್ರಿ ಓಡಾಡುತ್ತಿದ್ದ. ಹಾಸಿಗೆ ಬಿಟ್ಟೆದ್ದು ಇನ್ನೂ ಸರಿಯಾಗಿ ಸುಧಾರಿಸದ ಸೊಸೆ ಡಾಕ್ಟರಮ್ಮ ಹೇಳಿದಂತೆ ಬೆಳಿಗ್ಗೆ ನೀರು ಕುಡಿದೇ ಬಂದಿದ್ದಳು.

"ಅತ್ತೆ" ಎಂದಳು ಮೆಲ್ಲಗೆ. "ಆಗ್ತಿಲ್ಲ."

ಮೈಕಕ್ಕ ಮೇಸ್ತ್ರಿಯ ಬಳಿ ಹೋದಳು. "ಬಸುರಿ ಹುಡುಗಿ. ಮನೆಗೆ ಹೋಗಿ ಬಂದ್ಬಿಡ್ಲಿ."

"ಈಗ್ಲಾ? ನಿನಗೇನು ತಲೆ ಕೆಟ್ಟಿದ್ಯಾ? ಸಾಲು ಮುರಿಯುತ್ತೆ. ಸ್ವಲ್ಪ ತಡ್ಕೋ ಅನ್ನು."

ಚಿನ್ನದಂಗಡಿಗೆ ಹೋದಳು. ಗಾಜಿನ ಬಾಗಿಲ ಆಚೆ ಸಾಹುಕಾರ ನಿಂತಿದ್ದ. ಒಳಗೆ ಅಮೃತಶಿಲೆ ಹಾಸಿದ ಕಕ್ಕಸ್ಸು ಇದ್ದದ್ದು ಅವಳಿಗೆ ಗೊತ್ತಿತ್ತು, ಅದರ ಕೊಳವೆ ಕಟ್ಟಿಕೊಂಡಾಗ ಬಿಡಿಸಿದವಳು ಅವಳೇ. "ಅಣ್ಣಾ, ನನಗಲ್ಲ. ಬಸುರಿಗೆ." ಅವನು ಅವಳ ಕಾಲು ನೋಡಿದ. "ಗಿರಾಕಿಗಳು ಬರೋ ಹೊತ್ತು. ನಮ್ಮ ಅಂಗಡಿ ಹುಡುಗೀರನ್ನೇ ಬಿಡಲ್ಲ, ನಿಮ್ಮನ್ನ ಬಿಡ್ಲಾ?" ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಮಾರಾಟದ ಹುಡುಗಿಯೊಬ್ಬಳು ಇವಳನ್ನೇ ನೋಡುತ್ತಿದ್ದಳು. ಅವಳೂ ತೊಡೆ ಸೇರಿಸಿ ನಿಂತಿದ್ದಳು.

ಅಷ್ಟರಲ್ಲಿ ಅತಿಥಿಗಳ ಬಸ್ಸು ಬಂತು. ಕೋಟು ತೊಟ್ಟವರು, ಕ್ಯಾಮೆರಾ ಹಿಡಿದವರು, ಕೈಯಲ್ಲಿ ನೀರಿನ ಬಾಟಲಿ ಇದ್ದವರು. ದೀಪದ ಕಂಬದ ಕೆಳಗೆ ಅವರಿಗೆ ನೆರಳು ಕಟ್ಟಿ ಕುರ್ಚಿ ಹಾಕಿದ್ದರು. ನಕ್ಷೆ ಸಾರ್ ಮಾತಾಡಿದ. ಬೀದಿ ಕಟ್ಟುವುದೆಂದರೆ ಜನರ ದನಿ ಕೇಳುವುದು ಎಂದ. "ಆ ದನಿ ಇಲ್ಲೇ ಇದೆ" ಎಂದು ಮೈಕನ್ನು ಮೈಕಕ್ಕನ ಕೈಗೆ ಕೊಟ್ಟ.

"ನಾನು ದೀಪ ಕೇಳಿದೆ" ಎಂದಳು. ಬೀದಿಯ ತುದಿಯವರೆಗೂ ಕೇಳಿಸಿತು.

ಮುಂದಿನದು ಬರಲಿಲ್ಲ. ಸೊಸೆಯ ಕಡೆ ನೋಡಿದಳು. ಸೊಸೆ ಕಣ್ಣು ಮುಚ್ಚಿ ಎರಡು ಕೈಯಲ್ಲೂ ಹೊಟ್ಟೆಯ ಕೆಳಗೆ ಹಿಡಿದುಕೊಂಡಿದ್ದಳು. ತುಟಿ ಬಿಳಿಚಿತ್ತು.

"ಸುಳ್ಳು" ಎಂದಳು ಮೈಕಕ್ಕ. "ನಮಗೆ ಬೇಕಾಗಿದ್ದು ದೀಪ ಅಲ್ಲ. ಉಚ್ಚೆ ಹೊಯ್ಯೋಕೆ ಜಾಗ. ಈ ಹುಲ್ಲು ಹಾಕಿದೀರಲ್ಲ, ಇಲ್ಲೇ ಪೊದೆ ಇತ್ತು. ನಾವು ಇಲ್ಲೇ ಕೂತ್ಕೋತಿದ್ವಿ. ನನಗೆ ಅವತ್ತು ಹೇಳೋಕೆ ನಾಚಿಕೆ ಆಯ್ತು. ಈ ಹುಡುಗಿ ನನ್ನ ಸೊಸೆ. ನನ್ನ ನಾಚಿಕೆಗೆ ಅವಳು ರಕ್ತ ಸುರಿಸಿದ್ಲು."

ಯಾರೋ ಕಿಸಕ್ಕನೆ ನಕ್ಕರು. ನಕ್ಷೆ ಸಾರ್ ಮೈಕಿಗೆ ಕೈ ಚಾಚಿದ. "ಅಮ್ಮ, ಇದು ಆಮೇಲೆ ಮಾತಾಡೋಣ..."

"ಸಾರ್, ಒಂದು ಕೇಳ್ತೀನಿ. ಈ ನಕ್ಷೆ ಬರೀವಾಗ ನೀವು ಎಷ್ಟು ಸಲ ಎದ್ದು ಹೋದ್ರಿ?"

"ಏನು?"

"ಕಕ್ಕಸ್ಸಿಗೆ. ಕೂತು ಬರೀತಿದ್ರಲ್ಲ, ನಡುವೆ ಬಂದಿರ್ಬೇಕಲ್ವಾ? ಎದ್ದು ಹೋಗಿರ್ತೀರಿ. ವಾಪಸ್ಸು ಬಂದು ಮತ್ತೆ ಬರೆದಿರ್ತೀರಿ. ಆಗ್ಲೂ ನೆನಪಾಗ್ಲಿಲ್ವಾ?"

ಮೇಸ್ತ್ರಿ ನುಗ್ಗಿ ಬಂದು ಮೈಕು ಕಿತ್ತುಕೊಂಡ. "ಹೆಂಗಸಿಗೆ ಬಿಸಿಲು ಹೊಡೆದಿದೆ" ಎಂದು ಅತಿಥಿಗಳ ಕಡೆ ಹಲ್ಲು ಕಿರಿದ. ಯಾರೋ ಹಾಡು ಹಾಕಿಸಲು ಓಡಿದರು. ಇದೂ ಹೀಗೇ ಮುಗಿಯುತ್ತದೆ ಎಂದು ಮೈಕಕ್ಕನಿಗೆ ಗೊತ್ತಾಯಿತು. ಸಂಜೆಗೆ ಎಲ್ಲರೂ ಮರೆಯುತ್ತಾರೆ, ಇವಳಿಗೆ ಕೆಲಸವೂ ಇರುವುದಿಲ್ಲ.

"ಅತ್ತೆ!" ಸೊಸೆ ಅಲ್ಲೇ ಮಂಡಿಯೂರಿದಳು.

ಮೈಕಕ್ಕ ಬ್ಯಾನರಿನ ಬಳಿ ಹೋಗಿ ಹಗ್ಗ ಕಿತ್ತಳು. ಬಟ್ಟೆ ಸರ್ರನೆ ಕೆಳಗೆ ಬಂತು. "ಅಜ್ಜಿ, ಒಂದು ತುದಿ ಹಿಡಿ" ಎಂದಳು. ಮೊಂಡಜ್ಜಿ ಒಂದು ಗಳಿಗೆ ಅವಳನ್ನು ನೋಡಿದಳು. ಆಮೇಲೆ ಪೊರಕೆ ನೆಲಕ್ಕೆಸೆದು ಬಂದು ಹಿಡಿದಳು. ಮಿಕ್ಕ ಹೆಂಗಸರೂ ಸಾಲು ಬಿಟ್ಟು ಬಂದರು. ದೀಪದ ಕಂಬಕ್ಕೆ ಆತು ಬಟ್ಟೆಯನ್ನು ಸುತ್ತ ಹಿಡಿದು ನಿಂತರು. ಒಬ್ಬರು ಕೂರುವಷ್ಟು ಮರೆಯಾಯಿತು.

"ಹೋಗು ಮಗಳೇ."

"ಇಲ್ಲೇನಾ? ಇಷ್ಟು ಜನರ ಎದುರಿಗೆ?" ಸೊಸೆ ಅಳತೊಡಗಿದಳು. "ಸತ್ರೂ ಆಗಲ್ಲ ಅತ್ತೆ, ಸತ್ರೂ ಆಗಲ್ಲ."

"ಹಾಗಾದ್ರೆ ನಾನು ಮೊದಲು."

ಮೈಕಕ್ಕ ಒಳಗೆ ಹೋಗಿ ಕೂತಳು. ಬಟ್ಟೆಯ ಆಚೆ ಬೂಟುಗಳ ಸದ್ದು, ಗುಸುಗುಸು, ಕ್ಯಾಮೆರಾಗಳ ಟಿಕ್ ಟಿಕ್. ಬೆಳಗಿನಿಂದ ತಡೆದದ್ದು ಈಗ ಬರಲಿಲ್ಲ. ಮೈ ಗಂಟು ಕಟ್ಟಿತ್ತು. ತನ್ನ ವಯಸ್ಸು, ತನ್ನ ತೊಡೆ, ತಾನು ಕೂತ ಭಂಗಿ, ಎಲ್ಲವೂ ಇಡೀ ಊರಿಗೆ ಕಾಣಿಸುತ್ತಿದೆ ಅನ್ನಿಸಿತು. ಎದ್ದು ಓಡಿಹೋಗಬೇಕು ಅನ್ನಿಸಿತು. ಮಗ ಈ ಮಾತನ್ನು ಯಾರ ಬಾಯಲ್ಲಿ ಕೇಳುತ್ತಾನೋ. ಕಣ್ಣಿನಲ್ಲಿ ನೀರು ಬಂತು. ಕೆಳಗೆ ಬರಬೇಕಾದದ್ದು ಮೇಲೆ ಬಂತಲ್ಲ ಎಂದು ಒಂದು ಕ್ಷಣ ನಗುವೂ ಬಂತು. ಆ ನಗುವಿಗೆ ಹೊಟ್ಟೆ ಸಡಿಲಿತು.

ಬಂತು. ಜೋರಾಗಿಯೇ ಬಂತು. ಮೊದಲ ಸಾಲಿನ ಕುರ್ಚಿಗಳಿಗೆಲ್ಲ ಕೇಳಿಸಿತು.

ಬಟ್ಟೆ ಸರಿಮಾಡಿಕೊಂಡು ಹೊರಗೆ ಬಂದಾಗ ಮೇಸ್ತ್ರಿ ಎದುರಿಗೇ ನಿಂತಿದ್ದ. ಮುಖ ಕೆಂಪು ಕೆಂಪು. "ಹೆಂಗಸಾ ನೀನು? ಥೂ! ನಾಚಿಕೆ ಆಗಲ್ವಾ?"

"ಆಗುತ್ತೆ" ಎಂದಳು ಮೈಕಕ್ಕ. "ತುಂಬಾ ಆಗುತ್ತೆ. ಆದ್ರೂ ಬಂತು."

ಕಿವಿ ಸುಡುತ್ತಿತ್ತು. ಮೊಂಡಜ್ಜಿಯ ಪಕ್ಕ ಹೋಗಿ ಬಟ್ಟೆಯ ಇನ್ನೊಂದು ತುದಿ ಹಿಡಿದಳು. ಗಾಜಿನ ಬಾಗಿಲು ತಳ್ಳಿಕೊಂಡು ಚಿನ್ನದಂಗಡಿಯ ಆ ಹುಡುಗಿ ಬೀದಿ ದಾಟಿ ಬರುತ್ತಿದ್ದಳು. ಸಾಹುಕಾರ ಹಿಂದಿನಿಂದ ಕೂಗುತ್ತಿದ್ದ. ಅವಳು ಬಂದು ಯಾರ ಮುಖವನ್ನೂ ನೋಡದೆ ಸರದಿಯಲ್ಲಿ ನಿಂತಳು.

ಸೊಸೆ ಎದ್ದಳು. ತಲೆ ತಗ್ಗಿಸಿ ಒಳಗೆ ಹೋದಳು. ಹೊರಗೆ ಅಷ್ಟೂ ಜನ ನಿಂತಲ್ಲೇ ನಿಂತಿದ್ದರು. ನಕ್ಷೆ ಸಾರ್ ಬೆನ್ನು ತಿರುಗಿಸಿ ನೆಲ ನೋಡುತ್ತಿದ್ದ. ಅತಿಥಿಗಳಿಗೆ ಮುಂದಿನ ಜಾಗಕ್ಕೆ ಹೊತ್ತಾಗಿತ್ತು, ಆದರೆ ಬಸ್ಸು ಹತ್ತಲು ಈ ಹೆಂಗಸರನ್ನು ದಾಟಿಯೇ ಹೋಗಬೇಕಿತ್ತು. ಬಸ್ಸಿನವನು ಒಮ್ಮೆ ಹಾರನ್ ಹೊಡೆದ. ಯಾರೂ ಸರಿಯಲಿಲ್ಲ.

ಒಳಗಿನಿಂದ ಸದ್ದಿಲ್ಲ.

"ಅತ್ತೆ, ಬರ್ತಿಲ್ಲ" ಎಂದಳು ಸೊಸೆ ಅಳುದನಿಯಲ್ಲಿ. "ಎಲ್ಲಾ ನಿಂತಿದಾರೆ."

"ನಿಂತಿರ್ಲಿ" ಎಂದಳು ಮೈಕಕ್ಕ. "ನಿಧಾನಕ್ಕೆ ಹೋಗು, ನನ್ನವ್ವ. ಇವರು ಕಾಯ್ತಾರೆ."